ಮುಂದಿನ ಮಸಲ್ ಕಾರಿನ ಭಾರ ಯಾವ ಚಕ್ರದ ಮೇಲೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಹುಬ್ಬಳ್ಳಿಯಲ್ಲಿ ಓದುತ್ತಿರುವ ನನ್ನ ಅಕ್ಕನ ಮಗನಿಗೆ ಅಮೆರಿಕದ ಕಾರು ಅಂದರೆ ಪ್ರಾಣ. ಭಾನುವಾರ ಬಂತೆಂದರೆ ಫೋನ್ ಮಾಡುತ್ತಾನೆ. "ಮಾಮ, ಕ್ಯಾಮರೋ ಮತ್ತೆ ಬರುತ್ತಂತೆ. ಎಷ್ಟು ಹಾರ್ಸ್‌ಪವರ್ ಇರಬಹುದು?" ಕ್ಯಾಮರೋ ಅಂದರೆ ಶೆವರ್ಲೆ ಕಂಪನಿಯ, ತಯಾರಿಕೆ ನಿಂತುಹೋದ ಒಂದು ಮಸಲ್ ಕಾರು. ಪ್ರತಿ ಸಲವೂ ಇದೇ ಪ್ರಶ್ನೆ. ನನ್ನ ಉತ್ತರವೂ ಪ್ರತಿ ಸಲ ಒಂದೇ. ಹಾರ್ಸ್‌ಪವರ್ ಬಿಡಪ್ಪ. ಎಂಜಿನ್ ಯಾವ ಚಕ್ರವನ್ನು ತಿರುಗಿಸುತ್ತದೆ, ಆ ಚಕ್ರದ ಮೇಲೆ ಭಾರ ಎಷ್ಟಿದೆ, ಅದನ್ನು ಕೇಳು.

ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದೂ ಇಷ್ಟೇ. ಅಮೆರಿಕದ ಮಿಷಿಗನ್‌ನಲ್ಲಿ ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಡಿಫರೆನ್ಷಿಯಲ್, ಅಂದರೆ ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸುವ ಭಾಗಗಳ ನಡುವೆಯೇ ನನ್ನ ನೌಕರಿ ಕಳೆದಿದೆ, ಹಾಗಾಗಿ ಈ ವಿಷಯ ಬಂದರೆ ನನಗೆ ಸುಮ್ಮನಿರಲು ಆಗುವುದಿಲ್ಲ.

ಮಸಲ್ ಕಾರು ಅಂದರೆ ಏನು? ಸಾಮಾನ್ಯ ಕುಟುಂಬದ ಕಾರಿನಂಥ ಮೈಗೆ ದೊಡ್ಡ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್ ಕೂರಿಸಿದರೆ ಮಸಲ್ ಕಾರು. ಎಂಜಿನ್ ಮುಂದೆ, ತಿರುಗುವ ಚಕ್ರ ಹಿಂದೆ, ನಡುವೆ ಉದ್ದನೆಯ ಶಾಫ್ಟ್. ನಮ್ಮ ಅಂಬಾಸಿಡರ್‌ನಲ್ಲೂ ಇದೇ ಜೋಡಣೆ ಇತ್ತು, ಇವತ್ತಿನ ಲಾರಿಯಲ್ಲೂ ಇದೇ ಇದೆ. 1964ರಲ್ಲಿ ಪಾಂಟಿಯಾಕ್ ಕಂಪನಿ ತನ್ನ ಟೆಂಪೆಸ್ಟ್ ಕಾರಿಗೆ 389 ಘನ ಇಂಚಿನ, ಅಂದರೆ ಸುಮಾರು 6.4 ಲೀಟರಿನ ಎಂಜಿನ್ ಹಾಕಿ ಜಿಟಿಓ ಅಂತ ಮಾರಿತು. ಮಸಲ್ ಕಾರಿನ ಕಾಲ ಅಲ್ಲಿಂದ ಶುರುವಾಯಿತು ಅಂತ ಹೆಚ್ಚಿನವರು ಹೇಳುತ್ತಾರೆ. ಆದರೆ ಅದೇ ಟೆಂಪೆಸ್ಟ್ 1961ರಿಂದ 63ರವರೆಗೆ ಬೇರೆಯೇ ಥರ ಇತ್ತು. ಎಂಜಿನ್ ಮುಂದೆ, ಗೇರ್‌ಬಾಕ್ಸ್ ಮಾತ್ರ ಹಿಂದಿನ ಚಕ್ರಗಳ ಹತ್ತಿರ. ಎರಡಕ್ಕೂ ನಡುವೆ ಹಗ್ಗದ ಹಾಗೆ ಸ್ವಲ್ಪ ಬಾಗಿದ ಒಂದು ತೆಳು ಶಾಫ್ಟ್. ಗೇರ್‌ಬಾಕ್ಸ್ ಹಿಂದೆ ಹೋದರೆ ಭಾರವೂ ಹಿಂದೆ ಹೋಗುತ್ತದೆ, ಅಲ್ವಾ? ಒಳ್ಳೆಯ ಯೋಚನೆ. 1964ರಲ್ಲಿ ಅದನ್ನು ಕೈಬಿಟ್ಟು ಮಾಮೂಲಿ ಜೋಡಣೆಗೆ ಬಂದರು. ಈ ಮಾತು ನೆನಪಿರಲಿ, ಇದಕ್ಕೆ ಮತ್ತೆ ಬರುತ್ತೇನೆ.

ಈಗ ಒಂದು ಲೆಕ್ಕ. ಹೆದರಬೇಡಿ, ಸುಲಭದ್ದೇ. ಒಂದು ಕಾರು 1800 ಕಿಲೋ ಇದೆ ಅಂದುಕೊಳ್ಳಿ. ಎಂಜಿನ್ ಮುಂದಿರುವುದರಿಂದ ಮುಂದಿನ ಚಕ್ರಗಳ ಮೇಲೆ 970 ಕಿಲೋ, ಹಿಂದಿನದರ ಮೇಲೆ 830. ಟೈರು ತನ್ನ ಮೇಲೆ ಎಷ್ಟು ಭಾರವಿದೆಯೋ ಅಷ್ಟೇ ಬಲದಿಂದ ರಸ್ತೆಯನ್ನು ಹಿಡಿಯುತ್ತದೆ ಅಂತಿಟ್ಟುಕೊಳ್ಳಿ. ಒಳ್ಳೆಯ ಟೈರು, ಒಣ ರಸ್ತೆಯಾದರೆ ಹೆಚ್ಚುಕಡಿಮೆ ಹಾಗೆಯೇ. ಎಂಜಿನ್‌ಗೆ ಬೇಕಾದಷ್ಟು ಶಕ್ತಿಯಿದೆ. ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರ್ ವೇಗ ಮುಟ್ಟಲು ಎಷ್ಟು ಹೊತ್ತು? ಮುಂದಿನ ಚಕ್ರ ಮಾತ್ರ ತಿರುಗಿದರೆ 6 ಸೆಕೆಂಡಿಗಿಂತ ಚೂರು ಜಾಸ್ತಿ. ಹಿಂದಿನದು ಮಾತ್ರ ತಿರುಗಿದರೆ 5. ನಾಲ್ಕೂ ತಿರುಗಿದರೆ 3 ಸೆಕೆಂಡಿನ ಒಳಗೆ. ಎಂಜಿನ್ ಅದೇ, ಟೈರು ಅದೇ, ಭಾರವೂ ಅದೇ. 500 ಹಾರ್ಸ್‌ಪವರ್ ತೆಗೆದು 1000 ಹಾಕಿ, ಹೊರಡುವ ಹೊತ್ತಿನಲ್ಲಿ ಈ ಲೆಕ್ಕ ಒಂದಿಷ್ಟೂ ಬದಲಾಗುವುದಿಲ್ಲ. ಜಾಸ್ತಿ ಆಗುವುದು ಹೊಗೆ ಮಾತ್ರ.

ಹಿಂದಿನ ಚಕ್ರದ ಮೇಲೆ ಭಾರ ಕಡಿಮೆ ಇದ್ದರೂ ಅದೇ ಯಾಕೆ ಮುಂದಿನದಕ್ಕಿಂತ ಮೇಲು? ಇದನ್ನು ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿಯಲಿಲ್ಲ. ಮಂಡ್ಯದ ಹತ್ತಿರ ನಮ್ಮ ಊರಿನ ಕಬ್ಬಿನ ಗದ್ದೆಯಲ್ಲಿ ಕಲಿತೆ.

ಕಬ್ಬು ತುಂಬಿದ ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರ್ ಗದ್ದೆಯಿಂದ ನಾಲೆ ಏರಿ ಹತ್ತಬೇಕಿತ್ತು. ನಮ್ಮ ಚಿಕ್ಕಪ್ಪ ಕ್ಲಚ್ ಬಿಟ್ಟ ತಕ್ಷಣ ಟ್ರ್ಯಾಕ್ಟರಿನ ಮೂತಿ ಮೇಲೇಳುತ್ತಿತ್ತು. ಮುಂದಿನ ಎರಡು ಪುಟ್ಟ ಚಕ್ರ ನೆಲ ಬಿಟ್ಟು ಗಾಳಿಯಲ್ಲಿ ಸುಮ್ನೆ ತಿರುಗುತ್ತಿದ್ದವು, ಅವಕ್ಕೆ ಮೆತ್ತಿದ್ದ ಕೆಸರು ತೊಟತೊಟ ಅಂತ ಕೆಳಗೆ ಉದುರುತ್ತಿತ್ತು. ಆಗ ಸ್ಟೀರಿಂಗ್ ಏನೂ ಪ್ರಯೋಜನ ಇಲ್ಲ. ಚಿಕ್ಕಪ್ಪ ಎಡ ಬಲ ಬ್ರೇಕ್ ತುಳಿದೇ ದಾರಿ ಹಿಡಿಸುತ್ತಿದ್ದರು. ಹಿಂದಿನ ದೊಡ್ಡ ಚಕ್ರಗಳು ಮಾತ್ರ ಮಣ್ಣಿಗೆ ಹಲ್ಲು ಊರಿ, ಅಷ್ಟೂ ಭಾರ ಹೊತ್ತು ಮೇಲೆ ಹತ್ತುತ್ತಿದ್ದವು. ಭಾರ ಹಿಂದೆ ಸರಿದಿತ್ತು. ಕಾರಿನಲ್ಲೂ ಹೀಗೇ ಆಗುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ನಾನು ಹೇಳಿದ 1800 ಕಿಲೋ ಕಾರು ಹಿಂದಿನ ಚಕ್ರದ ಮೇಲೆ ಜೋರಾಗಿ ನುಗ್ಗಿದಾಗ ಸುಮಾರು 180 ಕಿಲೋ ಭಾರ ಮುಂದಿನಿಂದ ಹಿಂದಕ್ಕೆ ಬರುತ್ತದೆ. ಹಿಂದಿನ ಚಕ್ರಕ್ಕೆ ಅದು ಲಾಭ. ಮುಂದಿನ ಚಕ್ರ ತಿರುಗುವ ಕಾರಿಗೆ ಅದೇ ನಷ್ಟ.

ಈ ಪಾಠದ ಇನ್ನರ್ಧ ಕಲಿತದ್ದು ಮಿಷಿಗನ್‌ನಲ್ಲಿ. ಅಲ್ಲಿಗೆ ಹೋದ ಎರಡನೇ ವರ್ಷ ಒಂದು ಸೆಕೆಂಡ್ ಹ್ಯಾಂಡ್ ವಿ8 ಕೂಪೆ, ಅಂದರೆ ಎರಡು ಬಾಗಿಲಿನ ಕಾರು, ಕೊಂಡೆ. ಹಿಂದಿನ ಚಕ್ರದ್ದು, ಅಗಲವಾದ ಬೇಸಿಗೆ ಟೈರು. ಅಕ್ಟೋಬರ್ ತನಕ ಅದನ್ನು ಓಡಿಸಿದ ಸುಖ ಇವತ್ತಿಗೂ ಮರೆತಿಲ್ಲ. ಜನವರಿಯಲ್ಲಿ ಒಂದು ಸಂಜೆ ದಿನಸಿ ತೆಗೆದುಕೊಂಡು ಮನೆಗೆ ಬಂದೆ. ಬಾಡಿಗೆ ಮನೆಯ ಮುಂದೆ ಒಂದು ಸಣ್ಣ ಏರು, ಹತ್ತು ಹೆಜ್ಜೆ ಇರಬಹುದು, ಅದರ ಮೇಲೆ ನಾಲ್ಕು ಬೆರಳು ಹಿಮ. ಆಕ್ಸಿಲರೇಟರ್ ಮೇಲೆ ಕಾಲಿಟ್ಟರೆ ಸಾಕು, ಹಿಂಭಾಗ ಬಲಕ್ಕೆ ಜಾರಿ ಕಾರು ಅಡ್ಡಡ್ಡ ನಿಲ್ಲುತ್ತಿತ್ತು. ಹಿಂದೆ ಬಂದು ಮತ್ತೆ ಹತ್ತಿಸಿದೆ, ಮತ್ತೆ ಜಾರಿತು. ನಾಲ್ಕೈದು ಸಲ. ಚಕ್ರದ ಕೆಳಗೆ ಹಿಮ ಕರಗಿ, ಗಾಜಿನಂತೆ ಹೊಳೆಯುವ ಎರಡು ಪಟ್ಟೆ ಬಿದ್ದವು. ಪಕ್ಕದ ಮನೆಯ ಮುದುಕರು, ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಒಂದು ಮಾತೂ ಆಡದೆ ತಮ್ಮ ಗ್ಯಾರೇಜಿನಿಂದ ಮರಳಿನ ಚೀಲ ಹೊತ್ತು ತಂದರು. ಒಂದೊಂದು 60 ಪೌಂಡ್, ಅಂದರೆ 27 ಕಿಲೋ. ನಾಲ್ಕು ಚೀಲ ಡಿಕ್ಕಿಯಲ್ಲಿ, ಸರಿಯಾಗಿ ಹಿಂದಿನ ಆಕ್ಸಲ್ ಮೇಲೆ ಬರುವಂತೆ ಇಟ್ಟರು. ನಾನು ತಂದಿದ್ದ ಎರಡು ಸೋನಾ ಮಸೂರಿ ಅಕ್ಕಿ ಚೀಲ ಹಿಂದಿನ ಸೀಟಿನಲ್ಲಿತ್ತು. ಅದನ್ನೂ ಎತ್ತಿ ಡಿಕ್ಕಿಗೆ ಹಾಕಿದರು. ಆಮೇಲೆ ಎರಡನೇ ಗೇರಿನಲ್ಲಿ ನಿಧಾನವಾಗಿ ಹತ್ತಿಸು ಅಂತ ಕೈಸನ್ನೆ ಮಾಡಿದರು. ಕಾರು ಹತ್ತಿತು.

ಆ ರಾತ್ರಿ ಊಟ ಮಾಡುವಾಗಲೂ ಅದೇ ಯೋಚನೆ. ಟ್ರ್ಯಾಕ್ಟರಿಗೆ ತಾನಾಗಿ ಹಿಂದೆ ಬಂದ ಭಾರ ನನ್ನ ಕಾರಿಗೆ ಯಾಕೆ ಬರಲಿಲ್ಲ? ಹಿಮದ ಮೇಲೆ ಹಿಡಿತವೇ ಇಲ್ಲ. ಹಿಡಿತ ಇಲ್ಲದಿದ್ದರೆ ಕಾರು ಜೋರಾಗಿ ಮುಂದೆ ನುಗ್ಗುವುದಿಲ್ಲ. ನುಗ್ಗದಿದ್ದರೆ ಭಾರ ಹಿಂದೆ ಸರಿಯುವುದೂ ಇಲ್ಲ. ಭಾರವನ್ನು ನಾವೇ ತಂದು ಇಡಬೇಕು. ಮಿಷಿಗನ್ ಜನ ಚಳಿಗಾಲ ಪೂರ್ತಿ ಡಿಕ್ಕಿಯಲ್ಲಿ ಮರಳು ಹೊತ್ತು ತಿರುಗುವುದು ಯಾಕೆ ಅಂತ ಅವತ್ತು ಅರ್ಥವಾಯಿತು.

ಸ್ಟುಡಿಯೋ ಗಡಿಯಾರ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಸಮಯ ಇದಕ್ಕೇ ಹೋಗಿದೆ. ಪರವಾಗಿಲ್ಲ, ಉಳಿದದ್ದೆಲ್ಲ ಇದರ ಮೇಲೆಯೇ ನಿಂತಿದೆ.

ಈಗ ಮುಂದಿನ ಮಸಲ್ ಕಾರು. ಡಾಡ್ಜ್ ಕಂಪನಿಯವರು ತಮ್ಮ ದಾರಿ ಆರಿಸಿಕೊಂಡಾಗಿದೆ. ಅವರ ಹಳೆಯ ಚಾಲೆಂಜರ್ ಕಾರು 2023ರ ಡಿಸೆಂಬರಿನಲ್ಲಿ ನಿಂತಿತು. ಅದರ ಕೊನೆಯ ಡೀಮನ್ 170 ಕಾರಿಗೆ 1025 ಹಾರ್ಸ್‌ಪವರ್, ಅದೂ ಹಿಂದಿನ ಚಕ್ರ ಮಾತ್ರ. ಕಾಲು ಮೈಲಿ ದೂರವನ್ನು 8.91 ಸೆಕೆಂಡಿನಲ್ಲಿ ಮುಟ್ಟಿತು. ಹಾಗಾದರೆ ನಿಮ್ಮ ಲೆಕ್ಕ ಸುಳ್ಳಾಯಿತಲ್ಲ ಅಂತ ಅಕ್ಕನ ಮಗ ಕೇಳಿದ. ಇಲ್ಲ. ಅದು ಅಂಟಂಟಾದ ವಿಶೇಷ ಟೈರು, ಅಂಟು ಬಳಿದು ತಯಾರು ಮಾಡಿದ ಟ್ರ್ಯಾಕ್. ನಮ್ಮ ಟ್ರ್ಯಾಕ್ಟರಿನ ಹಾಗೆಯೇ ಭಾರವೆಲ್ಲ ಹಿಂದೆ ಸರಿದಿರುತ್ತದೆ. ಮಳೆ ಬಿದ್ದ ರಸ್ತೆಯಲ್ಲಿ ಅದೇ ಕಾರು ಏನು ಮಾಡೀತು? ಆಮೇಲೆ ಚಾರ್ಜರ್ ಅನ್ನುವ ಹೊಸ ಕಾರು ಬಂದಾಗ ಅವರು ನಾಲ್ಕೂ ಚಕ್ರಕ್ಕೆ ಶಕ್ತಿ ಕೊಟ್ಟರು. ವಿದ್ಯುತ್ ಚಾರ್ಜರ್ ಡೇಟೋನಾಗೆ ಮುಂದೊಂದು, ಹಿಂದೊಂದು ಮೋಟಾರ್. ಒಟ್ಟು 670 ಹಾರ್ಸ್‌ಪವರ್ ತನಕ. ತೂಕ ಮಾತ್ರ ಸುಮಾರು 2650 ಕಿಲೋ, ಅದು ನನಗೆ ಒಪ್ಪಿಗೆಯಿಲ್ಲ. ಪೆಟ್ರೋಲ್ ಚಾರ್ಜರ್‌ಗೆ ಸಾಲಾಗಿ ನಿಂತ ಆರು ಸಿಲಿಂಡರ್, ಎರಡು ಟರ್ಬೊ, 550 ಹಾರ್ಸ್‌ಪವರ್ ತನಕ. ಅದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಮುಂದಿನ ಚಕ್ರಗಳ ಕೊಂಡಿ ಬಿಚ್ಚುವ ಒಂದು ಗುಂಡಿ. ಒತ್ತಿದರೆ ಹಿಂದಿನ ಚಕ್ರದ ಕಾರು, ಇನ್ನೊಮ್ಮೆ ಒತ್ತಿದರೆ ನಾಲ್ಕೂ ಚಕ್ರ. ಇಂಥ ಗುಂಡಿ ನನ್ನ ಕೂಪೆಯಲ್ಲಿ ಇದ್ದಿದ್ದರೆ!

ಫೋರ್ಡ್‌ನವರು ಬೇರೆ ದಾರಿ ಹಿಡಿದರು. ಹಿಂದಿನ ಚಕ್ರವನ್ನು ಬಿಟ್ಟುಕೊಡಲಿಲ್ಲ. ಮಸ್ಟ್ಯಾಂಗ್ ಜಿಟಿಡಿ ಕಾರಿನಲ್ಲಿ ಎಂಜಿನ್ ಮುಂದೆ ಉಳಿಸಿ ಗೇರ್‌ಬಾಕ್ಸನ್ನು ಹಿಂದಕ್ಕೆ ಒಯ್ದರು. 1961ರ ಟೆಂಪೆಸ್ಟ್ ನೆನಪಾಯಿತಾ? ಅದೇ ಯೋಚನೆ, ನಡುವಿನ ಶಾಫ್ಟ್ ಮಾತ್ರ ಈಗ ಕಾರ್ಬನ್ ಫೈಬರ್. ಹಿಂದಿನ ಟೈರಿನ ಅಗಲ 345 ಮಿಲಿಮೀಟರ್. 815 ಹಾರ್ಸ್‌ಪವರ್. ಭಾರ ಮುಂದೆ ಹಿಂದೆ ಹೆಚ್ಚುಕಡಿಮೆ ಸಮಸಮ. ಜರ್ಮನಿಯ ನೂರ್‌ಬರ್ಗ್‌ರಿಂಗ್ ಟ್ರ್ಯಾಕನ್ನು 7 ನಿಮಿಷದ ಒಳಗೆ ಸುತ್ತಿತು. ನನ್ನ ಕಾಗದದ ಲೆಕ್ಕದಲ್ಲೂ ಭಾರವನ್ನು ಅರ್ಧರ್ಧ ಹಂಚಿದರೆ ಹಿಂದಿನ ಚಕ್ರದ ಕಾರಿನ 5 ಸೆಕೆಂಡು 4.7ಕ್ಕೆ ಇಳಿಯುತ್ತದೆ. ಒಂದು ಹಾರ್ಸ್‌ಪವರ್ ಕೂಡ ಸೇರಿಸದೆ! ಆದರೆ ಈ ಕಾರಿನ ಬೆಲೆ 3 ಲಕ್ಷ ಡಾಲರ್‌ಗೂ ಮೇಲೆ. ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬರುವ ಹುಡುಗ ಕೊಳ್ಳಲಾಗದ ಕಾರನ್ನು ಮಸಲ್ ಕಾರು ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಇನ್ನು ಕ್ಯಾಮರೋ. 2023ರ ಡಿಸೆಂಬರಿನಲ್ಲಿ ಮಿಷಿಗನ್‌ನ ಲ್ಯಾನ್ಸಿಂಗ್ ಕಾರ್ಖಾನೆಯಲ್ಲಿ ಕೊನೆಯದು ತಯಾರಾಯಿತು. 2002ರಲ್ಲಿ ಒಮ್ಮೆ ಹೀಗೇ ನಿಂತು, 2010ರ ಮಾಡೆಲ್ಲಾಗಿ ತಿರುಗಿ ಬಂದಿತ್ತು. ಹಾಗಾಗಿ ಅಭಿಮಾನಿಗಳು ಕಾಯುತ್ತಿದ್ದಾರೆ, ನಾನೂ ಕಾಯುತ್ತಿದ್ದೇನೆ. ಎಂಜಿನ್ ಅನ್ನು ಮುಂದಿನ ಸೀಟಿನ ಹಿಂದೆ, ಕಾರಿನ ಮಧ್ಯಕ್ಕೆ ತರಲಿ ಅಂತ ಕೆಲವರು ಹೇಳುತ್ತಾರೆ, ಅದೇ ಕಂಪನಿಯ 2020ರ ಕಾರ್ವೆಟ್ ಕಾರಿಗೆ ಮಾಡಿದ ಹಾಗೆ. ಬೇಡ. ಹಾಗೆ ಮಾಡಿದರೆ ಹಿಂದಿನ ಸೀಟು ಹೋಗುತ್ತದೆ, ಉದ್ದನೆಯ ಬಾನೆಟ್ ಹೋಗುತ್ತದೆ, ಅದು ಕ್ಯಾಮರೋ ಆಗಿ ಉಳಿಯುವುದಿಲ್ಲ. ಕಾರ್ವೆಟ್‌ನಿಂದ ತರಬೇಕಾದದ್ದು ಇ-ರೇ ಮಾಡೆಲ್ಲಿನ ಯೋಚನೆ. ವಿ8 ಹಿಂದಿನ ಚಕ್ರ ತಿರುಗಿಸುತ್ತದೆ, 160 ಹಾರ್ಸ್‌ಪವರಿನ ಒಂದು ವಿದ್ಯುತ್ ಮೋಟಾರ್ ಮುಂದಿನ ಚಕ್ರ ತಿರುಗಿಸುತ್ತದೆ, ಎರಡಕ್ಕೂ ನಡುವೆ ಶಾಫ್ಟೇ ಇಲ್ಲ. ಕ್ಯಾಮರೋದಲ್ಲಿ ಎಂಜಿನ್ನೇ ಮುಂದಿರುವುದರಿಂದ ಅದರ ಪಕ್ಕದಲ್ಲಿ ಮೋಟಾರ್ ಕೂರಿಸುವುದು ಕಷ್ಟ, ಜಾಗ ಸಾಲದು, ಮುಂದಿನ ಭಾರ ಬೇರೆ ಏರುತ್ತದೆ. ಅದಕ್ಕೇ ಬ್ಯಾಟರಿಯನ್ನಾದರೂ ಹಿಂದಿನ ಆಕ್ಸಲ್ ಮೇಲೆ ಇಡಿ ಅಂತ ನಾನು ಕೇಳುವುದು, ಸರಿಯಾಗಿ ಆ ಮುದುಕರು ಮರಳಿನ ಚೀಲ ಇಟ್ಟ ಜಾಗದಲ್ಲಿ.

ಸಮಯ ಮುಗಿಯುತ್ತಾ ಬಂತು. ಕೈಯಿಂದ ಹಾಕುವ ಗೇರಿನ ಬಗ್ಗೆ, ಡಿಫರೆನ್ಷಿಯಲ್ ಬಗ್ಗೆ ಹೇಳಬೇಕಿತ್ತು, ಆಗಲಿಲ್ಲ. ಕಾರು ಬಂದ ದಿನ ಎಲ್ಲರೂ ಹಾರ್ಸ್‌ಪವರ್ ಎಷ್ಟು ಅಂತಲೇ ಕೂಗುತ್ತಾರೆ. ನೀವು ಕಂಪನಿಯವರು ಕೊಡುವ ಅಂಕಿಅಂಶದ ಹಾಳೆಯಲ್ಲಿ ಕೆಳಗೆ ಇಳಿಯಿರಿ. ತೂಕದ ಸಾಲಿನ ಪಕ್ಕ, ಮುಂದೆ ಇಷ್ಟು ಹಿಂದೆ ಇಷ್ಟು ಅಂತ ಎರಡು ಅಂಕಿ ಇರುತ್ತವೆ. ಅದನ್ನು ಮೊದಲು ಓದಿ. ಅಕ್ಕನ ಮಗನೂ ಈಗ ಕೇಳುತ್ತಿರಬೇಕು, ಭಾನುವಾರ ಫೋನ್ ಮಾಡಿದಾಗ ಆ ಎರಡು ಅಂಕಿ ಹೇಳಲಿ, ಉಳಿದದ್ದು ಮಾತಾಡೋಣ.

ನಮಸ್ಕಾರ.