ಪೇಟೆಯಲ್ಲಿ ರಾತ್ರಿ ಯಾರಿರುತ್ತಾರೆ?

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಹಗಲು ಹೊತ್ತು ಕಾಲಿಡಲು ಜಾಗ ಇರುವುದಿಲ್ಲ. ಅಲ್ಲಿ ಜನ ಕಡಿಮೆಯಾಗಿದ್ದಾರೆ ಅಂದರೆ ನೀವು ನಗಬಹುದು. ಆದರೆ ಜನಗಣತಿಯವರು ಎಣಿಸುವುದು ಸೀರೆ ಕೊಳ್ಳಲು ಬಂದವರನ್ನಲ್ಲ, ಅಲ್ಲೇ ವಾಸ ಇರುವವರನ್ನು. 2001ರಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಸುಮಾರು 65 ಲಕ್ಷ. 2011ರ ಹೊತ್ತಿಗೆ ಅದು 96 ಲಕ್ಷ ದಾಟಿತ್ತು. ಹೊರವಲಯದ ಬೆಳ್ಳಂದೂರು, ಹೊರಮಾವು ಕಡೆಯಂತೂ ಜನ ದುಪ್ಪಟ್ಟಿಗೂ ಮೀರಿ ಬೆಳೆದರು. ಅದೇ ಹತ್ತು ವರ್ಷದಲ್ಲಿ ಹಳೇ ಪೇಟೆಯ ಕೆಲವು ವಾರ್ಡ್‌ಗಳಲ್ಲಿ ವಾಸದ ಜನ ಇಳಿದರು.

ಪೇಟೆ ಬಿಟ್ಟು ಹೋಗುವುದು ಹೊಸದೇನಲ್ಲ. 1898ರಲ್ಲಿ ಪ್ಲೇಗ್ ಬಂದಾಗ ಜನ ಪ್ರಾಣಭಯದಿಂದ ಹೊರಟರು. ಬಸವನಗುಡಿ, ಮಲ್ಲೇಶ್ವರ ತುಂಬಿದ್ದು ಆಮೇಲೆ. ಆದರೂ ಪೇಟೆ ಬರಿದಾಗಲಿಲ್ಲ. ಕೆಳಗೆ ಅಂಗಡಿ, ಮೇಲೆ ಮನೆ ಅನ್ನುವ ಪದ್ಧತಿ ಅದನ್ನು ಕಾಪಾಡಿತು. ರಾತ್ರಿ ಅಂಗಡಿ ಮುಚ್ಚಿ ಮೆಟ್ಟಿಲು ಹತ್ತಿದರೆ ಊಟ ಸಿದ್ಧ.

ಹಾಗಾಗಿ ವ್ಯಾಪಾರ ಹೆಚ್ಚಿ ಮನೆಗಳು ಹೋದವು ಎನ್ನುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಪೇಟೆ ಹುಟ್ಟಿದ್ದೇ ವ್ಯಾಪಾರಕ್ಕೆ. ಮನೆಯನ್ನು ನುಂಗಿದ್ದು ಗೋದಾಮು. ಬಟ್ಟೆ ಮೂಟೆ, ಪ್ಲಾಸ್ಟಿಕ್ ಸಾಮಾನು, ಎಲೆಕ್ಟ್ರಿಕ್ ವೈರು ಇಡಲು ಜಾಗ ಬೇಕು. ಒಂದು ಸಂಸಾರ ಕೊಡುವ ಬಾಡಿಗೆಗಿಂತ ಮೂಟೆಯ ಬಾಡಿಗೆ ಜಾಸ್ತಿ. ಮೂಟೆ ನೀರು ಬರಲಿಲ್ಲ ಎಂದು ಜಗಳ ಆಡುವುದೂ ಇಲ್ಲ! ಜೊತೆಗೆ ಅಣ್ಣತಮ್ಮಂದಿರು ಪಾಲಾದಾಗ ತೊಟ್ಟಿಮನೆಯಲ್ಲಿ ಒಬ್ಬೊಬ್ಬರಿಗೆ ಬರುವುದು ಒಂದೂವರೆ ಕೋಣೆ. ಮಾರಿ ದುಡ್ಡು ಹಂಚಿಕೊಳ್ಳುವುದೇ ಸುಲಭ. ಕಾರು ಗಲ್ಲಿಯೊಳಗೆ ಬರುವುದಿಲ್ಲ. ವಯಸ್ಸಾದವರಿಗೆ ರಾತ್ರಿ ಆಂಬ್ಯುಲೆನ್ಸ್ ಬೇಕಾದರೆ ಕಷ್ಟ. 2017ರಲ್ಲಿ ಚಿಕ್ಕಪೇಟೆಗೆ ನೆಲದಡಿಯ ಮೆಟ್ರೊ ಬಂತು. ಅದು ಗಿರಾಕಿಗೆ ಅನುಕೂಲವಾಯಿತು, ಸರಿ. ಆದರೆ ಮೆಟ್ರೊ ಬಂತೆಂದು ಮನೆ ಬಿಟ್ಟವರು ವಾಪಸ್ ಬರುತ್ತಾರಾ?

ವರ್ಷಕ್ಕೊಮ್ಮೆ ಮಾತ್ರ ಬರುತ್ತಾರೆ. ಚೈತ್ರ ಹುಣ್ಣಿಮೆಯ ಕರಗದ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯ ಸುತ್ತ ನಿಂತವರಲ್ಲಿ ಎಷ್ಟೋ ಜನರ ಅಜ್ಜಿ ಮನೆ ಅಲ್ಲೇ ಪಕ್ಕದಲ್ಲಿತ್ತು. ಈಗ ಅವರ ಮನೆ ಬೇರೆ ಬೇರೆ ಬಡಾವಣೆಗಳಲ್ಲಿದೆ.

ಹಾಗಾದರೆ ಉಳಿದ ರಾತ್ರಿಗಳಲ್ಲಿ ಪೇಟೆಯಲ್ಲಿ ಯಾರೂ ಇಲ್ಲವೇ? ಇದ್ದಾರೆ. ನಗರ್ತಪೇಟೆಯಲ್ಲಿ ಚಿನ್ನದ ಕೆಲಸ ಮಾಡುವ ಬಂಗಾಳದ ಹುಡುಗರಿದ್ದಾರೆ. ಅಂಗಡಿಯಲ್ಲಿ ದುಡಿಯುವ ರಾಜಸ್ಥಾನದ ಹುಡುಗರಿದ್ದಾರೆ. ಉತ್ತರ ಕರ್ನಾಟಕದಿಂದ ಬಂದ ಹಮಾಲರಿದ್ದಾರೆ. ಕೆಲಸ ಮಾಡುವ ಕೋಣೆಯಲ್ಲೇ ಚಾಪೆ ಹಾಸುತ್ತಾರೆ, ಅಲ್ಲೇ ಒಲೆ ಹಚ್ಚುತ್ತಾರೆ. ಸಂಸಾರಗಳು ಹೋಗಿ ಒಂಟಿ ಗಂಡಸರು ಬಂದಿದ್ದಾರೆ. ಬದಲಾವಣೆ ಅಂದರೆ ನನ್ನ ಮಟ್ಟಿಗೆ ಇದೇ ದೊಡ್ಡದು. ಮಕ್ಕಳಿಲ್ಲದ ಬೀದಿಗೆ ಶಾಲೆ ಬೇಡ, ಹಾಲಿನ ಬೂತ್ ಬೇಡ. ರಾತ್ರಿ ಹತ್ತರ ಮೇಲೆ ದೀಪ ಕೆಟ್ಟರೂ ಕೇಳುವವರಿಲ್ಲ.

ಕೆಲವು ಸಂಸಾರಗಳು ಈಗಲೂ ಅಲ್ಲೇ ಇವೆ, ಅದೂ ಗೋದಾಮಿನ ಮೇಲೆ. 2025ರ ಆಗಸ್ಟ್‌ನಲ್ಲಿ ನಗರ್ತಪೇಟೆಯ ಕಟ್ಟಡವೊಂದಕ್ಕೆ ಬೆಂಕಿ ಬಿತ್ತು. ಮೇಲಿನ ಮಹಡಿಯಲ್ಲಿ ವಾಸವಿದ್ದ ಗಂಡ, ಹೆಂಡತಿ, ಮಕ್ಕಳು ಹೊರಬರಲಾಗದೆ ಸತ್ತರು. ಹಳೇ ಪದ್ಧತಿಯಲ್ಲಿ ಮನೆಯ ಕೆಳಗೆ ಇರುತ್ತಿದ್ದದ್ದು ಅಂಗಡಿ. ಈಗ ಇರುವುದು ಹತ್ತಿ ಉರಿಯುವ ಸರಕು. ಇಂಥ ಕಟ್ಟಡಕ್ಕೆ ಎರಡನೇ ಮೆಟ್ಟಿಲು ಇದೆಯೇ ಎಂದು ನೋಡುವುದಕ್ಕಿಂತ ಮೊದಲು, ಮೇಲೆ ಜನ ಮಲಗುತ್ತಾರೆ ಎಂಬುದು ಕಾಗದದಲ್ಲಿ ಇರಬೇಕಲ್ವಾ? ಹಲವು ಕಡೆ ಅದೇ ಇರುವುದಿಲ್ಲ. ಹೊರಗಿನ ಬೋರ್ಡಿನಲ್ಲಿ ಅಂಗಡಿ, ತೆರಿಗೆ ರಸೀದಿಯಲ್ಲೂ ಅಂಗಡಿ.

2021ರಲ್ಲಿ ಆಗಬೇಕಿದ್ದ ಜನಗಣತಿ ಮುಂದಕ್ಕೆ ಹೋಯಿತು. ಮುಂದಿನ ಎಣಿಕೆಯವರು ಪೇಟೆಗೆ ಅಂಗಡಿ ಬಾಗಿಲು ಹಾಕಿದ ಮೇಲೆ ಬಂದು ಮೆಟ್ಟಿಲು ಹತ್ತಿ ನೋಡಿದರೆ ಒಳ್ಳೆಯದು.

ನಮಸ್ಕಾರ.