ನಮ್ಮ ಹಾಡು ಕೇಳಲು ಸಿಲೋನ್ ಏಕೆ ಬೇಕಾಯಿತು?

[ಮೇಜಿನ ಮೇಲೆ ಮರದ ಪೆಟ್ಟಿಗೆಯ ಹಳೆಯ ವಾಲ್ವ್ ರೇಡಿಯೋ]

ನಮಸ್ಕಾರ. ಹೋದ ತಿಂಗಳು ಒಬ್ಬ ವೀಕ್ಷಕಿ ಹೀಗೆ ಬರೆದಿದ್ದರು: "ನಮ್ಮ ಅಜ್ಜಿ ಹಳೆಯ ಹಿಂದಿ ಹಾಡು ಬಂದಾಗಲೆಲ್ಲ 'ಇದು ಸಿಲೋನ್ ಹಾಡು' ಎನ್ನುತ್ತಾರೆ. ಹಾಡು ಬೊಂಬಾಯಿಯದು, ಕೇಳುವವರು ಶಿವಮೊಗ್ಗದಲ್ಲಿ. ನಡುವೆ ಶ್ರೀಲಂಕಾ ಎಲ್ಲಿಂದ ಬಂತು?"

ಈ ಪ್ರಶ್ನೆ ನನ್ನನ್ನು ಮೂರು ವಾರ ಬಿಡಲಿಲ್ಲ. ಉತ್ತರ ಸಿಗುವುದು 1952ರಲ್ಲಿ.

ಹಿನ್ನೆಲೆಯನ್ನು ಬೇಗ ಮುಗಿಸುತ್ತೇನೆ. ಸ್ವಾತಂತ್ರ್ಯ ಬಂದು ಐದು ವರ್ಷವಾಗಿತ್ತು. ರೇಡಿಯೋ ಎಂದರೆ ಸರ್ಕಾರದ ಆಲ್ ಇಂಡಿಯಾ ರೇಡಿಯೋ ಒಂದೇ. ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು, ಅದನ್ನು ಅಂಚೆ ಕಚೇರಿಯಲ್ಲಿ ಮಾಡಿಸಬೇಕಿತ್ತು. ಆ ವರ್ಷ ವಾರ್ತಾ ಮತ್ತು ಪ್ರಸಾರ ಸಚಿವರಾಗಿ ಬಂದವರು ಬಿ. ವಿ. ಕೇಸ್ಕರ್. ಶಾಸ್ತ್ರೀಯ ಸಂಗೀತವನ್ನು ಕಲಿತವರು, ಅದರ ಮೇಲೆ ಪ್ರಾಣ ಇಟ್ಟುಕೊಂಡವರು. ಚಿತ್ರಗೀತೆಗಳು ಕೀಳು ಅಭಿರುಚಿಯವು, ಅವುಗಳಲ್ಲಿ ಪಾಶ್ಚಾತ್ಯ ಸಂಗೀತದ ಬೆರಕೆ ಹೆಚ್ಚು ಎಂಬುದು ಅವರ ದೃಢ ನಂಬಿಕೆಯಾಗಿತ್ತು.

ಹಾಗಾಗಿ ಚಿತ್ರಗೀತೆಗಳಿಗೆ ಪ್ರಸಾರದ ಸಮಯದಲ್ಲಿ ಶೇಕಡಾ 10ರ ಮಿತಿ ಬಂತು. ಹಾಕುವ ಹಾಡುಗಳನ್ನು ಸೋಸಿ ಆರಿಸಬೇಕಾಯಿತು. ಇದಕ್ಕಿಂತ ಹೆಚ್ಚು ಕೆರಳಿಸಿದ್ದು ಇನ್ನೊಂದು ನಿಯಮ: ಹಾಡಿದವರ ಹೆಸರು ಹೇಳಬಹುದು, ಚಿತ್ರದ ಹೆಸರು ಹೇಳುವಂತಿಲ್ಲ, ಹೇಳಿದರೆ ಅದು ಜಾಹೀರಾತು. ನಿರ್ಮಾಪಕರು ಸಿಟ್ಟಾಗಿ ತಮ್ಮ ಹಾಡುಗಳ ಪ್ರಸಾರದ ಅನುಮತಿಯನ್ನೇ ಹಿಂದಕ್ಕೆ ಪಡೆದರು. ಕೆಲವೇ ತಿಂಗಳಲ್ಲಿ ಆಲ್ ಇಂಡಿಯಾ ರೇಡಿಯೋದಲ್ಲಿ ಚಿತ್ರಗೀತೆ ಹೆಚ್ಚುಕಡಿಮೆ ನಿಂತೇ ಹೋಯಿತು. "ನಿಷೇಧ" ಎಂದು ನಾವು ಇಂದು ಸಲೀಸಾಗಿ ಹೇಳಿಬಿಡುತ್ತೇವೆ. ನಡೆದದ್ದು ಎರಡೂ ಕಡೆಯವರು ಬಿಗಿಹಿಡಿದ ಜಗಳ.

[ರೇಡಿಯೋದ ಗಾಜಿನ ಪಟ್ಟಿ, ಹತ್ತಿರದಿಂದ]

ಈಗ ನನಗೆ ಬಹಳ ಇಷ್ಟವಾದ ಭಾಗ. ಈ ಪಟ್ಟಿಯನ್ನು ನೋಡಿ. ಸಣ್ಣ ಅಕ್ಷರಗಳಲ್ಲಿ ಊರುಗಳ ಹೆಸರುಗಳಿವೆ. ಈ ಕೆಂಪು ಮುಳ್ಳು ದೆಹಲಿಯಿಂದ ಕೊಲಂಬೋಗೆ ಹೋಗಲು ಒಂದು ಬೆರಳಗಲ ಸರಿದರೆ ಸಾಕು. ಪಾಸ್‌ಪೋರ್ಟ್ ಬೇಡ, ಹಡಗು ಬೇಡ. ಕೇಳುಗರು ಆ ಒಂದು ಬೆರಳಗಲ ಸರಿದು, ಹಿಂದಿ ಚಿತ್ರಗೀತೆ ಹಾಕುತ್ತಿದ್ದ ಅಲ್ಲಿನ ರೇಡಿಯೋ ಸಿಲೋನ್ ನಿಲಯವನ್ನು ಹಿಡಿದರು.

ಆದರೆ ಅಷ್ಟು ದೂರದ ಪುಟ್ಟ ದ್ವೀಪದ ದನಿ ಇಲ್ಲಿಗೆ ಇಷ್ಟು ಸ್ಪಷ್ಟವಾಗಿ ಬರುತ್ತಿದ್ದುದು ಹೇಗೆ? ಎರಡನೇ ಮಹಾಯುದ್ಧದ ಕಾಲದಲ್ಲಿ ಮೌಂಟ್‌ಬ್ಯಾಟನ್ ಮುಖ್ಯಸ್ಥರಾಗಿದ್ದ ಆಗ್ನೇಯ ಏಷ್ಯಾ ಸೇನಾ ಕಮಾಂಡ್ ಸಿಲೋನಿನಲ್ಲಿತ್ತು. ಜಪಾನಿನ ವಿರುದ್ಧ ದೂರದೂರದ ಕಾಡುಗಳಲ್ಲಿ ಹೋರಾಡುತ್ತಿದ್ದ ಸೈನಿಕರಿಗಾಗಿ ಅದು ರೇಡಿಯೋ ಸಿಯಾಕ್ ಎಂಬ ನಿಲಯವನ್ನು ನಡೆಸಿತು. ಆ ನಿಲಯಕ್ಕೆಂದು ಕೊಲಂಬೋದ ಉತ್ತರಕ್ಕಿರುವ ಎಕಲದಲ್ಲಿ 100 ಕಿಲೋವ್ಯಾಟ್‌ನ ಶಾರ್ಟ್‌ವೇವ್ ಪ್ರೇಷಕವನ್ನು, ಅಂದರೆ ಟ್ರಾನ್ಸ್‌ಮಿಟರನ್ನು, ನಿಲ್ಲಿಸಿದರು. ಹೋಲಿಕೆಗೆ ನಮ್ಮ ಮೈಸೂರನ್ನೇ ನೋಡಿ: 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲಿ ಆರಂಭಿಸಿದ "ಆಕಾಶವಾಣಿ"ಯ ಮೊದಲ ಪ್ರೇಷಕ 30 ವ್ಯಾಟ್‌ನದು. ಎಕಲದ್ದು ಅದರ ಮೂರು ಸಾವಿರ ಪಟ್ಟಿಗೂ ಮಿಗಿಲು! ಯುದ್ಧ ಮುಗಿಯಿತು, ಸೈನಿಕರು ಮನೆಗೆ ಹೋದರು, ಯಂತ್ರ ಉಳಿಯಿತು. ಮುಂದೆ ಅದು ರೇಡಿಯೋ ಸಿಲೋನ್ ಕೈಗೆ ಬಂತು.

ಬರಿಯ ಬಲ ಇದ್ದರೆ ಸಾಲದು. ಚಿಕ್ಕಂದಿನಲ್ಲಿ ನೀವು ಚಪ್ಪಟೆ ಕಲ್ಲನ್ನು ಕೆರೆಯ ನೀರಿನ ಮೇಲೆ ಓರೆಯಾಗಿ ಬೀಸಿ ಎಸೆದಿರುತ್ತೀರಿ. ಅದು ಮುಳುಗದೆ ಪುಟಿಯುತ್ತದೆ, ಮತ್ತೆ ಪುಟಿಯುತ್ತದೆ. ಶಾರ್ಟ್‌ವೇವ್ ಮಾಡುವುದೂ ಅದನ್ನೇ, ಆದರೆ ಅದರ ಕೆರೆ ನೆತ್ತಿಯ ಮೇಲಿದೆ. ನೆಲದಿಂದ ಕೆಲವು ನೂರು ಕಿಲೋಮೀಟರ್ ಎತ್ತರದಲ್ಲಿ ಸೂರ್ಯನ ಬಿಸಿಲೇ ವಿದ್ಯುದಾವಿಷ್ಟಗೊಳಿಸಿದ ಗಾಳಿಯ ಪದರವಿದೆ, ಅಯಾನುಗೋಳ. ಕೊಲಂಬೋದಿಂದ ಓರೆಯಾಗಿ ಮೇಲೆ ಹೋದ ಅಲೆ ಅಲ್ಲಿಂದ ಬಾಗಿ ಸಾವಿರಾರು ಕಿಲೋಮೀಟರ್ ಆಚೆ ಇಳಿಯುತ್ತದೆ. ಎರಡು ಪುಟಿತಗಳ ನಡುವೆ ಕಲ್ಲು ಮುಟ್ಟದ ನೀರು ಇರುತ್ತದಲ್ಲ, ಹಾಗೆಯೇ ಇಲ್ಲೂ ಅಲೆ ಇಳಿಯದ ಜಾಗಗಳಿರುತ್ತವೆ. ನಿಲಯಕ್ಕೆ ಹತ್ತಿರದ ಊರಿಗೆ ಕೇಳಿಸದ ದನಿ ದೂರದ ಹಿಮಾಲಯದ ತಪ್ಪಲಿಗೆ ಕೇಳಿಸಬಹುದು! ಆ ಪದರ ಸದಾ ಅಲುಗುತ್ತಿರುತ್ತದೆ, ಅದಕ್ಕೇ ಹಾಡು ಉಬ್ಬಿ, ಕುಗ್ಗಿ, ಮತ್ತೆ ಉಬ್ಬುತ್ತಿತ್ತು. ಹಳಬರಲ್ಲಿ ಅನೇಕರಿಗೆ ಆ ಏರಿಳಿತವೂ ಹಾಡಿನ ಭಾಗವಾಗಿಯೇ ನೆನಪಿದೆ.

[ರೇಡಿಯೋ ಹಚ್ಚುವುದು. ವಾಲ್ವ್‌ಗಳು ಕಾಯುವವರೆಗೆ ಮೌನ. ಹಸಿರು ಕಣ್ಣು ನಿಧಾನವಾಗಿ ಬೆಳಗುತ್ತದೆ.]

ಇದು ನಮ್ಮ ಅಜ್ಜನ ರೇಡಿಯೋ. ಈ ಹಸಿರು ಬೆಳಕಿಗೆ ಮ್ಯಾಜಿಕ್ ಐ ಎನ್ನುತ್ತಿದ್ದರು. ನಿಲಯ ಸರಿಯಾಗಿ ಸಿಕ್ಕಾಗ ಬೆಳಕಿನ ನಡುವಿನ ನೆರಳು ಕಿರಿದಾಗುತ್ತದೆ. "ಕಣ್ಣು ಮುಚ್ಚುವ ತನಕ ಯಾರೂ ಮಾತಾಡಬೇಡಿ" ಎಂದು ಅಜ್ಜ ಗದರುತ್ತಿದ್ದರಂತೆ.

1952ರ ಡಿಸೆಂಬರ್ 3. ರೇಡಿಯೋ ಸಿಲೋನಿನಲ್ಲಿ ಬಿನಾಕಾ ಗೀತ್‌ಮಾಲಾ ಎಂಬ ಹಿಂದಿ ಚಿತ್ರಗೀತೆಗಳ ಕಾರ್ಯಕ್ರಮ ಶುರುವಾಯಿತು. ಪ್ರಾಯೋಜಕರು ಹಲ್ಲುಜ್ಜುವ ಪೇಸ್ಟಿನವರು. ನಿರೂಪಕ ಅಮೀನ್ ಸಯಾನಿ, ಇಪ್ಪತ್ತು ತುಂಬಲು ಇನ್ನೂ ಕೆಲವು ದಿನ ಬಾಕಿಯಿದ್ದ ಹುಡುಗ. ಸಂಬಳ ವಾರಕ್ಕೆ 25 ರೂಪಾಯಿ, ಬರೆಯುವುದು, ನಿರೂಪಿಸುವುದು, ಬಂದ ಕಾಗದ ನೋಡುವುದು ಎಲ್ಲವೂ ಅದರಲ್ಲೇ. ಬೊಂಬಾಯಿಯಲ್ಲಿ ಧ್ವನಿಮುದ್ರಿಸಿದ ಟೇಪನ್ನು ಕೊಲಂಬೋಗೆ ಕಳುಹಿಸಿದರೆ ಅಲ್ಲಿಂದ ಅದು ಅಲೆಯೇರಿ ವಾಪಸ್ ಬೊಂಬಾಯಿಗೇ ಬರುತ್ತಿತ್ತು. ಈ ಸುತ್ತುದಾರಿಯನ್ನು ನೆನೆದರೆ ನನಗೆ ಇಂದಿಗೂ ಬೆರಗು.

ಆರಂಭದಲ್ಲಿ ಅದೊಂದು ಸ್ಪರ್ಧೆ. ಏಳು ಹಾಡುಗಳನ್ನು ಹಾಕಿ, ಜನಪ್ರಿಯತೆಯ ಕ್ರಮದಲ್ಲಿ ಜೋಡಿಸಿ ಬರೆಯಿರಿ ಎಂದರು. ಮೊದಲ ಕಾರ್ಯಕ್ರಮಕ್ಕೇ 9,000 ಕಾಗದಗಳು ಬಂದವು. ಮುಂದೆ ಅದು ವಾರಕ್ಕೆ 65,000ದವರೆಗೆ ಏರಿತು. ಕಾಗದಗಳ ರಾಶಿ ಹೊರಲಾರದಷ್ಟಾದಾಗ ಸ್ಪರ್ಧೆ ಬಿಟ್ಟು ಶ್ರೇಯಾಂಕದ ಪಟ್ಟಿ ಶುರು ಮಾಡಿದರು. ಸಯಾನಿ ಒಂದೊಂದು ಸ್ಥಾನವನ್ನೂ "ಪಾಯ್‌ದಾನ್" ಎಂದು ಕರೆದರು, ಅಂದರೆ ಮೆಟ್ಟಿಲು. ಬುಧವಾರ ರಾತ್ರಿ 8 ಗಂಟೆಗೆ ಹಾಡುಗಳು ಮೆಟ್ಟಿಲು ಹತ್ತುವುದನ್ನು ಜನ ಉಸಿರು ಬಿಗಿಹಿಡಿದು ಕೇಳಿದರು. ಹತ್ತು ಮನೆಗಳಲ್ಲಿ ಒಂಬತ್ತು ಕಡೆ ಸಿಲೋನ್ ಹಾಕಿದ್ದರು, ಹತ್ತನೆಯವರ ರೇಡಿಯೋ ಕೆಟ್ಟಿತ್ತು ಎಂಬ ಮಾತೇ ಆಗ ಹುಟ್ಟಿತು.

ನನ್ನ ಮಟ್ಟಿಗೆ ಈ ಕಥೆಯ ತಿರುಳು ಆ ಕಾಗದಗಳಲ್ಲಿದೆ. ಯಾವುದು ಒಳ್ಳೆಯ ಸಂಗೀತ ಎಂದು ದೆಹಲಿ ಜನರಿಗೆ ಹೇಳುತ್ತಿತ್ತು. ನಿಮಗೆ ಯಾವುದು ಇಷ್ಟ ಎಂದು ಕೊಲಂಬೋ ಕೇಳಿತು. ಹಾಗೆ ಕೇಳಿಸಿಕೊಂಡವರು ಅಂಚೆ ಕಾರ್ಡಿಗೆ ಕಾಸು ಹಾಕಿ ಉತ್ತರ ಬರೆದರು.

ಹಾಗೆಂದು ಕೇಸ್ಕರರನ್ನು ಖಳನಾಯಕರನ್ನಾಗಿ ಮಾಡಲು ನಾನು ಸಿದ್ಧನಿಲ್ಲ. ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದೂ ಅದೇ 1952ರಲ್ಲಿ. ಅರಮನೆಗಳ ಆಶ್ರಯ ಕಳೆದುಕೊಂಡಿದ್ದ ಕಲಾವಿದರಿಗೆ ರೇಡಿಯೋ ಅನ್ನ ಕೊಟ್ಟಿತು. 1950ರಲ್ಲಿ ಶುರುವಾದ ಧಾರವಾಡ ಕೇಂದ್ರಕ್ಕೆ ಮುಂದೆ ಮಲ್ಲಿಕಾರ್ಜುನ ಮನ್ಸೂರರೇ ಸಂಗೀತ ಸಲಹೆಗಾರರಾದರು. ಟಿಕೆಟ್ ಕೊಂಡು ಕಛೇರಿಗೆ ಹೋಗಲಾರದವರೂ ಗಂಗೂಬಾಯಿ ಹಾನಗಲ್ಲರ ದನಿಯನ್ನು ಮನೆಯಲ್ಲೇ ಕೇಳಿದರು. ಕೇಸ್ಕರ್ ಕೊಟ್ಟದ್ದು ದೊಡ್ಡದು. ತಪ್ಪಿದ್ದು, ಒಂದನ್ನು ಕೊಡಲು ಇನ್ನೊಂದನ್ನು ಕಿತ್ತುಕೊಂಡದ್ದರಲ್ಲಿ.

ಸಮಯ ಮೀರುತ್ತಿದೆ, ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಐದು ವರ್ಷದಲ್ಲಿ ಸರ್ಕಾರವೇ ದಾರಿ ಬದಲಿಸಿತು: 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಬಂತು, ಚಿತ್ರಗೀತೆಗಳು ಮರಳಿದವು. ಆಗಲೂ ಸಚಿವರು ಕೇಸ್ಕರರೇ. 1967ರಲ್ಲಿ ಜಾಹೀರಾತೂ ಬಂತು. ಗೀತ್‌ಮಾಲಾ 1989ರಲ್ಲಿ ಸಿಲೋನ್ ಬಿಟ್ಟು ವಿವಿಧ ಭಾರತಿಗೇ ಬಂದು ಸೇರಿತು. ಅಮೀನ್ ಸಯಾನಿ 2024ರ ಫೆಬ್ರವರಿಯಲ್ಲಿ ತೀರಿಕೊಂಡರು. ಅಂದಹಾಗೆ, ರೇಡಿಯೋ ಸಿಲೋನಿನಿಂದ ಕನ್ನಡ ಚಿತ್ರಗೀತೆಗಳೂ ಬರುತ್ತಿದ್ದವು, ಅದು ಬೇರೆಯೇ ವಿಡಿಯೋ ಬೇಡುವ ವಿಷಯ.

ನಿಮ್ಮ ಮನೆಯಲ್ಲಿ ಸಿಲೋನಿಗೆ ಕಾರ್ಡು ಬರೆದವರು ಇದ್ದರೆ, ಯಾವ ಹಾಡಿಗೆ ಬರೆದಿದ್ದರು ಎಂದು ಕೇಳಿ ನನಗೆ ತಿಳಿಸಿ. ಮುಂದಿನ ವಾರ ಹಾರ್ಮೋನಿಯಂ ಸರದಿ: 1940ರಿಂದ 1971ರವರೆಗೆ ಇದೇ ಆಲ್ ಇಂಡಿಯಾ ರೇಡಿಯೋ ಅದಕ್ಕೂ ಬಾಗಿಲು ಹಾಕಿತ್ತು.

[ಹಸಿರು ಕಣ್ಣು ಆರುತ್ತದೆ]