ಹರಳಿನ ಹಿಂದಿನ ಬೇಗಡೆ

(ಮೇಜಿನ ಮೇಲೆ ಬೈತಲೆ ಬೊಟ್ಟು. ಕ್ಯಾಮೆರಾ ತೀರಾ ಹತ್ತಿರ.)

ನಮಸ್ಕಾರ. ಮೈಸೂರಲ್ಲಿ ಭರತನಾಟ್ಯ ಕಲಿಯುವ ಮಕ್ಕಳಿರುವ ಮನೆಗಳಲ್ಲಿ ಇಂಥ ಡ್ಯಾನ್ಸ್ ಒಡವೆಯ ಸೆಟ್ ಇದ್ದೇ ಇರುತ್ತದೆ. ಉಳಿದ ಕೆಂಪು ಹರಳೆಲ್ಲ ಫಳಫಳ ಅಂತಿವೆ, ಈ ಒಂದು ಮಾತ್ರ ಕಪ್ಪಾಗಿ ಕೂತಿದೆ. ಹರಳು ಕೆಟ್ಟಿತು ಅಂದ್ಕೊಂಡ್ರಾ? ಅದು ಬರೀ ಗಾಜು. ಗಾಜು ಕಪ್ಪಾಗುವುದಿಲ್ಲ.

(ಚಿಮಟದಿಂದ ಹರಳನ್ನು ಎತ್ತುವುದು.)

ಗೂಡಿನ ತಳದಲ್ಲಿ ಕರಿ ಪೊರೆಯಂಥದ್ದು ಕಾಣುತ್ತಿದೆಯಲ್ಲ, ಅದೇ ಬೇಗಡೆ. ತೆಳ್ಳನೆಯ ಬೆಳ್ಳಿ ಹಾಳೆ. ಎತ್ತಿದ ಹರಳನ್ನು ಮೇಜಿನ ಮೇಲೆ ಹಾಗೇ ಇಟ್ಟರೆ ಸಪ್ಪೆ, ಸುಮ್ನೆ ಒಂದು ಗಾಜಿನ ಚೂರು. ಕೆಳಗೆ ಹೊಸ ಬೇಗಡೆ ತಳ್ಳುತ್ತೇನೆ. ಈಗ ನೋಡಿ!

ವಕ್ರೀಭವನ ಸೂಚ್ಯಂಕ ಅಂದರೆ ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಳತೆ. ವಜ್ರದ್ದು 2.42, ಮಾಮೂಲಿ ಗಾಜಿನದು 1.5ರ ಆಸುಪಾಸು. ಹೈಸ್ಕೂಲಲ್ಲಿ ಓದಿದ್ದು, ಅಲ್ವಾ? ಸರಿಯಾಗಿ ಕೊರೆದ ವಜ್ರದೊಳಗೆ ಹೋದ ಬೆಳಕು ತಳಕ್ಕೆ ಬಡಿದು ಮೇಲಕ್ಕೇ ಬರುತ್ತದೆ. ಗಾಜಿನಲ್ಲಿ ಜಾಸ್ತಿ ಬೆಳಕು ಹಿಂದಿನಿಂದ ಸೋರಿಹೋಗುತ್ತದೆ. ಬೇಗಡೆ ಅದನ್ನು ವಾಪಸ್ ಕಳಿಸುತ್ತದೆ. ಬೆಳಕು ಕೆಂಪು ಗಾಜನ್ನು ಎರಡು ಸಲ ದಾಟುವುದರಿಂದ ಬಣ್ಣವೂ ಗಾಢವಾಗುತ್ತದೆ.

ಕುಂದಣದ ಒಡವೆಗಳಲ್ಲಿ ಅಸಲಿ ಹರಳಿನ ಕೆಳಗೂ ಬೇಗಡೆ ಇಡುತ್ತಾರೆ. ಇಟಲಿಯ ಅಕ್ಕಸಾಲಿ ಚೆಲ್ಲಿನಿ 16ನೇ ಶತಮಾನದಲ್ಲೇ ಬಣ್ಣದ ಬೇಗಡೆ ಮಾಡುವ ಬಗೆಯನ್ನು ಬರೆದಿಟ್ಟಿದ್ದ. 18ನೇ ಶತಮಾನದ ಪ್ಯಾರಿಸ್‌ನಲ್ಲಿ ಸ್ಟ್ರಾಸ್ ಎಂಬಾತ ಸೀಸ ಬೆರೆತ ಗಾಜಿನಿಂದ ನಕಲಿ ವಜ್ರ ಮಾಡಿ ಹೆಸರಾದ. ಹಾಗಾಗಿ ಬೇಗಡೆ ಕಂಡ ಕೂಡಲೇ ಮೋಸ ಅನ್ನಬೇಡಿ. ಗಾಜಿಗೆ ಮಾಣಿಕ್ಯದ ಬೆಲೆ ಕೇಳಿದರೆ ಆಗ ಜಗಳ ಆಡಿ.

ಸರಿ, ಇದು ಕಪ್ಪಾಗಿದ್ದು ಯಾಕೆ? ನಮ್ಮ ಮೈಸೂರು ಶೈಲಿಯ ಚಿತ್ರಗಳಲ್ಲಿ ಮಕ್ಕಿ ಸುಧೆ ಎಂಬ ಉಬ್ಬು ಲೇಪದ ಮೇಲೆ ಅಂಟಿಸುವುದು ಚಿನ್ನದ ರೇಕು. ಚಿನ್ನ ಅಷ್ಟು ಸುಲಭಕ್ಕೆ ಮಾಸುವುದಿಲ್ಲ. ಬೆಳ್ಳಿ ಹಾಗಲ್ಲ, ಗಂಧಕ ಸೋಕಿದರೆ ಕಪ್ಪು. ಹರಳಿನ ಅಂಚು ಸ್ವಲ್ಪ ಸಡಿಲವಾದರೂ ಸಾಕು, ಬೆವರು, ನೀರು, ಗಾಳಿ ಎಲ್ಲ ಒಳಗಿಳಿಯುತ್ತವೆ, ಜೊತೆಗೆ ಗಂಧಕವೂ.

(ಒಣ ಬಟ್ಟೆಯಿಂದ ಸೆಟ್ ಒರೆಸುವುದು.)

ಚಿನ್ನದ ಸರ ತೊಳೆದ ಹಾಗೆ ಇದನ್ನು ಅಂಟುವಾಳದ ನೀರಲ್ಲಿ ನೆನೆಹಾಕಲೇಬೇಡಿ. ಡ್ಯಾನ್ಸ್ ಮುಗಿದ ತಕ್ಷಣ ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ, ಬೆವರು ಆರಿದ ಮೇಲೆ ಡಬ್ಬಿಗೆ ಹಾಕಿ. ಆಗಲೇ ಕಪ್ಪಾಗಿದ್ದರೆ ಹರಳು ಕೂರಿಸುವವರ ಹತ್ತಿರ ಬೇಗಡೆ ಬದಲಾಯಿಸಲು ಕೇಳಿ. ಹಳೇ ಹರಳನ್ನೇ ವಾಪಸ್ ಕೂರಿಸಿ ಅಂತ ಮೊದಲೇ ಹೇಳಿಬಿಡಿ. ಹೊಸ ಹರಳಿನ ಕೆಂಪು ಪಕ್ಕದ ಹರಳುಗಳಿಗೆ ಹೊಂದುವುದು ಕಷ್ಟ.